ಅಣಕವಾಡಿನೊಳಗಿನ ಹಸಿವು

ಡಿಸೆಂಬರ್ ಬಂತೆಂದರೆ ಬ್ರಿಟನ್ನಿನಲ್ಲಿ ಒಂದು ವಿಚಿತ್ರ ಪೈಪೋಟಿ ಆರಂಭವಾಗುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನ ಯಾವ ಹಾಡಿಗೆ ಎಂಬ ಕುತೂಹಲ ಅಲ್ಲಿ ಹಬ್ಬದ ಸಡಗರದ ಒಂದು ಭಾಗ. ಪ್ರೇಮಗೀತೆಗಳೊಂದಿಗೆ ನಗೆಹಾಡುಗಳೂ ಅಣಕವಾಡುಗಳೂ ಕಣಕ್ಕಿಳಿಯುತ್ತವೆ.

2018ರಿಂದ 2022ರವರೆಗೆ, ಸತತ ಐದು ವರ್ಷ, ಆ ಸ್ಥಾನ ಅಣಕವಾಡುಗಳಿಗೇ ದಕ್ಕಿತು. ‘ಲ್ಯಾಡ್‌ಬೇಬಿ’ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಪರಿಚಿತರಾಗಿದ್ದ ಮಾರ್ಕ್ ಹೊಯ್ಲ್ ಮತ್ತು ಅವರ ಪತ್ನಿ ರಾಕ್ಸನ್, ಜನಪ್ರಿಯ ಗೀತೆಗಳ ಧಾಟಿಗೆ ‘ಸಾಸೇಜ್ ರೋಲ್’ ಎಂಬ ಮಾಂಸದ ತಿನಿಸಿನ ಗುಣಗಾನವನ್ನು ಹೊಂದಿಸಿ ಹಾಡಿದರು. ಕ್ರಿಸ್‌ಮಸ್ ವಾರದಲ್ಲಿ ನಾಲ್ಕು ಬಾರಿ ಮೊದಲ ಸ್ಥಾನ ಪಡೆದಿದ್ದ ಬೀಟಲ್ಸ್ ತಂಡದ ದಾಖಲೆಯನ್ನೂ ಈ ದಂಪತಿ ಮುರಿದರು. ಹಾಡಿನ ಆದಾಯ ಸಂದದ್ದು, ಬಡವರಿಗೆ ಉಚಿತವಾಗಿ ದಿನಸಿ ವಿತರಿಸುವ ‘ಫುಡ್ ಬ್ಯಾಂಕ್’ಗಳ ಜಾಲವಾದ ಟ್ರಸ್ಸೆಲ್ ಟ್ರಸ್ಟ್‌ಗೆ.

ಇವುಗಳಲ್ಲಿ ನನ್ನನ್ನು ಚಿಂತನೆಗೆ ಹಚ್ಚಿದ್ದು 2022ರ ‘ಫುಡ್ ಏಡ್’. ಇಥಿಯೋಪಿಯದ ಕ್ಷಾಮಪೀಡಿತರ ನೆರವಿಗಾಗಿ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ 1984ರಲ್ಲಿ ರಚಿಸಿದ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಗೀತೆಯ ಅಣಕ ಅದು. ಮೂಲಗೀತೆಯ ಶೀರ್ಷಿಕೆಯಲ್ಲೇ ಒಂದು ಬಗೆಯ ಅರಿವಿನ ಕೊರತೆಯಿತ್ತು. ನಾಲ್ಕನೆಯ ಶತಮಾನದಲ್ಲೇ ಕ್ರೈಸ್ತ ಧರ್ಮ ಬೇರೂರಿದ ಇಥಿಯೋಪಿಯದ ಜನ ಜನವರಿ 7ರಂದು ತಮ್ಮದೇ ರೀತಿಯಲ್ಲಿ ಕ್ರಿಸ್‌ಮಸ್ ಆಚರಿಸುತ್ತಾರೆ. ದೂರದ ಆಫ್ರಿಕದ ಹಸಿವಿಗಾಗಿ ಹುಟ್ಟಿದ ಆ ಧಾಟಿ, 38 ವರ್ಷಗಳ ಬಳಿಕ ಬ್ರಿಟನ್ನಿನ ಸ್ವಂತ ಹಸಿವಿಗಾಗಿ ಮರಳಿ ಬಂತು.

ಟ್ರಸ್ಸೆಲ್ ಜಾಲವು 2018-19ರಲ್ಲಿ ಸುಮಾರು 16 ಲಕ್ಷ ತುರ್ತು ಆಹಾರದ ಪೊಟ್ಟಣಗಳನ್ನು ವಿತರಿಸಿತ್ತು. 2022-23ರಲ್ಲಿ ಆ ಸಂಖ್ಯೆ 30 ಲಕ್ಷದ ಸಮೀಪಕ್ಕೆ ಬಂತು. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇ 11.1ಕ್ಕೆ ಏರಿತ್ತು. ಅಂಗಡಿಗಳಲ್ಲಿ ಆಹಾರಕ್ಕೆ ಬರವಿರಲಿಲ್ಲ. ಕೊಳ್ಳುವ ಶಕ್ತಿಗೆ ಬರವಿತ್ತು. ಅಮರ್ತ್ಯ ಸೇನ್ ಅವರು 1981ರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಗ್ರಂಥದಲ್ಲಿ ಬಂಗಾಳ ಮತ್ತು ಇಥಿಯೋಪಿಯದ ಕ್ಷಾಮಗಳನ್ನು ವಿಶ್ಲೇಷಿಸಿ ಹೇಳಿದ ಮಾತು ಇದೇ ಅಲ್ಲವೇ? ದಾಸ್ತಾನು ಇದ್ದ ಮಾತ್ರಕ್ಕೆ ಹಸಿವು ನೀಗುವುದಿಲ್ಲ. ಅದನ್ನು ಪಡೆಯುವ ಹಕ್ಕುಬಾಧ್ಯತೆ ವ್ಯಕ್ತಿಗೆ ಇರಬೇಕು.

ನಗೆಹಾಡಿನಿಂದ ಹಣ ಕೂಡಿದರೆ ತಪ್ಪೇನು ಎಂದು ಕೇಳಬಹುದು. ಖಂಡಿತ ತಪ್ಪಿಲ್ಲ. ಆದರೆ ಅಣಕಕ್ಕೆ ಚುಚ್ಚುವ ಶಕ್ತಿಯೂ ಇದೆ. ಅಮೆರಿಕದ ಸ್ಟ್ಯಾನ್ ಫ್ರೀಬರ್ಗ್ 1958ರಲ್ಲಿ ಹೊರತಂದ ‘ಗ್ರೀನ್ ಕ್ರಿಸ್‌ಮಸ್’, ಹಬ್ಬವನ್ನೇ ಮಾರಾಟದ ಸರಕಾಗಿಸಿದ ಜಾಹೀರಾತು ಲೋಕವನ್ನು ಲೇವಡಿ ಮಾಡಿತ್ತು. ಕೆಲವು ರೇಡಿಯೊ ಕೇಂದ್ರಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಯಾರನ್ನೂ ನೋಯಿಸದ ಸಾಸೇಜ್ ಹಾಡುಗಳಿಗೆ ಅಂಥ ಅಡ್ಡಿ ಎದುರಾಗಲಿಲ್ಲ. ಜಗತ್ತಿನ ಶ್ರೀಮಂತ ರಾಷ್ಟ್ರವೊಂದರಲ್ಲಿ ಜನ ದಿನಸಿಯ ಪೊಟ್ಟಣಕ್ಕೆ ಏಕೆ ಕೈಚಾಚಬೇಕು ಎಂದು ಅವು ಆಳುವವರನ್ನು ನೇರವಾಗಿ ಪ್ರಶ್ನಿಸಲಿಲ್ಲ.

ಆಡಳಿತದಲ್ಲಿ ದುಡಿದ ನನಗೆ ದಾನಕ್ಕೂ ಹಕ್ಕಿಗೂ ಇರುವ ಅಂತರ ಚೆನ್ನಾಗಿ ಗೊತ್ತು. ದಾನವು ದಾನಿಯ ಉತ್ಸಾಹವನ್ನು ಅವಲಂಬಿಸಿದೆ. ಹಕ್ಕಿನಂತೆ ದೊರೆಯುವ ನೆರವು ವರ್ಷವಿಡೀ ನಿಲ್ಲಬೇಕು. 2023ರಲ್ಲಿ ಲ್ಯಾಡ್‌ಬೇಬಿ ಸ್ಪರ್ಧೆಯಿಂದ ಹಿಂದೆ ಸರಿದರು. ಅಗ್ರಸ್ಥಾನ ‘ವ್ಯಾಮ್’ ತಂಡದ ‘ಲಾಸ್ಟ್ ಕ್ರಿಸ್‌ಮಸ್’ಗೆ ಸಿಕ್ಕಿತು. ಆದರೆ 2023-24ರಲ್ಲಿ ಟ್ರಸ್ಸೆಲ್ ವಿತರಿಸಿದ ಪೊಟ್ಟಣಗಳು 31 ಲಕ್ಷ ದಾಟಿದವು. ಫುಡ್ ಬ್ಯಾಂಕ್‌ಗಳ ಅಗತ್ಯವೇ ಇಲ್ಲದ ದಿನ ಬರಬೇಕೆಂಬುದು ಸ್ವತಃ ಆ ಸಂಸ್ಥೆಯ ಘೋಷಿತ ಗುರಿ. ಆ ದಿನವನ್ನು ತರುವ ಹೊಣೆಯನ್ನು ಹಾಡುಗಾರರ ಹೆಗಲಿಗೇರಿಸಿ ಸರ್ಕಾರಗಳು ಚಪ್ಪಾಳೆ ತಟ್ಟುತ್ತ ಕೂರುವುದು ನ್ಯಾಯವಲ್ಲ.