ಅಣುಗಳ ಹೊರಳಾಟ ಅಳೆಯುವ ವಿದ್ಯೆ

ಸೇಡಂ, ಚಿತ್ತಾಪುರ, ವಾಡಿ ಎಂದರೆ ಸುಣ್ಣಕಲ್ಲು, ಸಿಮೆಂಟು. ಶಹಾಬಾದ್ ಎಂದರೆ ಪರ್ಸಿ ಕಲ್ಲು. ತೊಗರಿ ಬೆಳೆಯುವ ಚಿಂಚೋಳಿಯಲ್ಲಿ ಈಗ ಎಥನಾಲ್ ಘಟಕವೂ ಇದೆ. ಎಥನಾಲ್‌ನ ಅಣುಗಳು ಎಷ್ಟು ವೇಗವಾಗಿ ಹೊರಳುತ್ತವೆ? ಸಿಮೆಂಟಿಗೆ ಬೆರೆಸಿದ ನೀರು ಎಷ್ಟು ಸಣ್ಣ ರಂಧ್ರಗಳಲ್ಲಿ ಸೇರಿಕೊಳ್ಳುತ್ತದೆ? ಎರಡಕ್ಕೂ ಉತ್ತರ ಕೊಡಬಲ್ಲ ವಿದ್ಯೆ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ರಿಲ್ಯಾಕ್ಸೇಷನ್.

ಹೈಡ್ರೋಜನ್ನಿನ ಬೀಜಕಣವಾದ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟರೆ ಅದು ಸೆಕೆಂಡಿಗೆ ಸುಮಾರು 4.26 ಕೋಟಿ ಸುತ್ತು ಹಾಕುತ್ತದೆ. ಅದೇ ಲಯದ ರೇಡಿಯೊ ಅಲೆ ತಗುಲಿದರೆ ಪ್ರೋಟಾನ್‌ಗಳ ಸಮತೋಲ ಕದಡುತ್ತದೆ. ಅದು ಮರಳಿ ಕುದುರಲು ಹಿಡಿಯುವ ಹೊತ್ತೇ ರಿಲ್ಯಾಕ್ಸೇಷನ್ ಕಾಲ.

ಕುದುರಿಸುವುದು ಅಣುಗಳ ಹೊರಳಾಟವೇ. ಪಂಚಮಿಯ ಜೋಕಾಲಿಯನ್ನು ಅದರ ಲಯ ಹಿಡಿದು ನೂಕಿದರೆ ಮಾತ್ರ ಏರುತ್ತದೆ. ಅಣುಗಳ ಚಲನೆಯೂ ಪ್ರೋಟಾನ್‌ನ ಲಯಕ್ಕೆ ಹತ್ತಿರವಾದಷ್ಟು ಪರಿಣಾಮ ಹೆಚ್ಚು. ನೀರಿನ ಅಣು ಹೊರಳಲು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಸಾಕು. ಆ ಅತಿವೇಗದಿಂದಾಗಿ ನೀರಿನ ಪ್ರೋಟಾನ್‌ಗಳು ಕುದುರಲು ಕೆಲವು ಸೆಕೆಂಡು ಬೇಕು. ಮೂರು ಹೈಡ್ರಾಕ್ಸಿಲ್ ಗುಂಪುಗಳ ಗ್ಲಿಸರಾಲ್‌ನಲ್ಲಿ ಹೈಡ್ರೋಜನ್ ಬಂಧಗಳು ಅಣುಗಳನ್ನು ಕಟ್ಟಿಹಾಕುತ್ತವೆ. ಅಲ್ಲಿ ಚಲನೆ ಮಂದ, ಕುದುರುವುದು ಬೇಗ. ಬ್ಲೂಂಬರ್ಗೆನ್, ಪರ್ಸೆಲ್, ಪೌಂಡ್ 1948ರಲ್ಲಿ ಈ ಲೆಕ್ಕಕ್ಕೆ ಸೂತ್ರ ಕೊಟ್ಟಾಗ ಅವರು ಅಳೆದ ದ್ರವಗಳಲ್ಲಿ ಗ್ಲಿಸರಾಲ್ ಕೂಡ ಒಂದು. ಹತ್ತು ಕಾರ್ಬನ್ನಿನ ಡೆಕನಾಲ್‌ನ ಸರಪಳಿಯುದ್ದಕ್ಕೂ ಕಾರ್ಬನ್ನುಗಳನ್ನು 1971ರಲ್ಲಿ ಅಳೆದರು: ಹೈಡ್ರಾಕ್ಸಿಲ್ ಇರುವ ತುದಿಗೆ ಕಟ್ಟು ಬಿಗಿ, ಇನ್ನೊಂದು ತುದಿಗೆ ಸಡಿಲ.

ಅಳತೆಗೆ ಶ್ರದ್ಧೆ ಬೇಕು. ಕರಗಿದ ಆಮ್ಲಜನಕವೇ ಪ್ರೋಟಾನ್‌ಗಳನ್ನು ಬೇಗ ಕುದುರಿಸಿ ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಎಥನಾಲ್‌ನಂಥ ದ್ರವವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸಿ, ಮತ್ತೆ ಮತ್ತೆ ಹೀಗೇ ಮಾಡಿ ಕೊಳವೆಯ ಬಾಯಿ ಮುಚ್ಚುತ್ತಾರೆ.

ಈ ವಿದ್ಯೆಯ ಮೊದಲ ದಿನಗಳಲ್ಲೇ ನಮ್ಮವರಿದ್ದರು. ಎಥನಾಲ್‌ನ ಮೂರು ಬಗೆಯ ಪ್ರೋಟಾನ್‌ಗಳು ಮೂರು ಬೇರೆ ಸಂಕೇತ ಕೊಡುತ್ತವೆಂದು ತೋರಿಸಿದ 1951ರ ಸ್ಟ್ಯಾನ್‌ಫರ್ಡ್ ಪ್ರಬಂಧದ ಲೇಖಕರಲ್ಲಿ ಎಸ್. ಎಸ್. ಧರ್ಮಟ್ಟಿ ಒಬ್ಬರು, ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಯನ್ನು ಕಟ್ಟಿದವರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್, ಹರಿಯುವ ದ್ರವ ಹೊಸ ಪ್ರೋಟಾನ್‌ಗಳನ್ನು ತರುವುದರಿಂದ ಸಂಕೇತ ಬದಲಾಗುವುದನ್ನು ಪ್ರಕಟಿಸಿದರು. ಆ ಸಂಸ್ಥೆಯಲ್ಲಿ ಇಂದು ಎನ್‌ಎಂಆರ್ ಸಂಶೋಧನಾ ಕೇಂದ್ರವೇ ಇದೆ.

ಇನ್ನು ಸಿಮೆಂಟಿನ ಪ್ರಶ್ನೆ: ಅದು ಗಟ್ಟಿಯಾಗುತ್ತ ರಂಧ್ರಗಳು ಕಿರಿದಾದಂತೆ ಒಳಗಿನ ನೀರಿನ ರಿಲ್ಯಾಕ್ಸೇಷನ್ ಕಾಲವೂ ಇಳಿಯುತ್ತದೆ. ಇದನ್ನು ಅಳೆಯಲು ದ್ರವ ಹೀಲಿಯಂ ಬೇಡದ, ಮೇಜಿನ ಮೇಲೆ ಕೂರುವ ಯಂತ್ರ ಸಾಕು. ಸಿಮೆಂಟೂ ಎಥನಾಲೂ ತಯಾರಾಗುವ ಈ ಸೀಮೆಯ ಕಾಲೇಜುಗಳಿಗೆ ಅಂಥದ್ದೊಂದು ಯಂತ್ರ ಬರಬೇಕು. ಪುಸ್ತಕದ ಗೆರೆಗಳಲ್ಲಿ ಎನ್‌ಎಂಆರ್ ಓದುವ ಮಕ್ಕಳು ತಮ್ಮೂರಿನ ವಸ್ತುವನ್ನು ತಾವೇ ಅಳೆದು ಕಲಿಯಲಿ.