ಇಳಿವಯಸ್ಸಿನ ಮೂತ್ರಬಾಧೆ

ಕೀಲುನೋವು, ಕೆಮ್ಮು, ಅಜೀರ್ಣ ಮೊದಲಾದುವನ್ನು ಕುರಿತು ನಾವು ಜಗಲಿಯ ಮೇಲೆ ಕುಳಿತು ಹತ್ತು ಜನರೆದುರಿಗೆ ಮಾತನಾಡುತ್ತೇವೆ. ಮೂತ್ರದ ತೊಂದರೆಯನ್ನಾದರೋ ಮನೆಯವರಿಂದಲೂ ಮರೆಸುತ್ತೇವೆ. ಐವತ್ತು ದಾಟಿದ ಗಂಡಸರನ್ನು ಸಾಮಾನ್ಯವಾಗಿ ಕಾಡುವ ಒಂದು ಬಾಧೆ ಈ ಸಂಕೋಚದಿಂದಲೇ ಎಷ್ಟೋ ವೇಳೆ ಅಪಾಯಕ್ಕೆ ತಿರುಗುವುದು. ಆ ವಿಷಯವನ್ನು ಕೇಳುಗರ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೂತ್ರಕೋಶದ ಕೆಳಗೆ, ಮೂತ್ರನಾಳದ ಆರಂಭವನ್ನು ಉಂಗುರದಂತೆ ಸುತ್ತಿಕೊಂಡು, ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ಪುರುಷರಲ್ಲಿ ಉಂಟು. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ವಯಸ್ಸಾದಂತೆ ಇದರ ಒಳಭಾಗ ಬೆಳೆಯತೊಡಗುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಆದರೂ ನಡುವೆ ಹಾದುಹೋಗುವ ನಾಳವನ್ನು ಅದು ಒತ್ತುತ್ತದೆ. ಆಗ ಮೂತ್ರ ಹೊರಡಲು ಕಾಯಬೇಕಾಗುವುದು, ಧಾರೆ ಸಣ್ಣದಾಗುವುದು, ಮುಗಿಯಿತೆಂದ ಮೇಲೂ ತೊಟ್ಟಿಕ್ಕುವುದು, ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುವುದು. ಇದನ್ನೆಲ್ಲ ‘ವಯೋಧರ್ಮ’ವೆಂದು ತಳ್ಳಿಹಾಕುವುದೇ ನಮ್ಮಲ್ಲಿ ವಾಡಿಕೆ.

ಕಾಲುವೆಯ ಬಾಯಿ ಕಟ್ಟಿದರೆ ಕೆರೆಗೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಅಡಚಣೆಯನ್ನು ಮೀರಲು ಮೂತ್ರಕೋಶದ ಮಾಂಸಖಂಡ ಮೊದಲು ದಪ್ಪನಾಗುತ್ತದೆ. ಬಹುಕಾಲ ದುಡಿದು ಕೊನೆಗೆ ಸೋಲುತ್ತದೆ. ಪೂರ್ತಿ ಹೊರಹೋಗದೆ ಉಳಿದ ಮೂತ್ರದಲ್ಲಿ ಕ್ರಿಮಿಗಳು ನೆಲಸುತ್ತವೆ, ಕಲ್ಲು ಕಟ್ಟುತ್ತದೆ. ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡಗಳನ್ನು ಮುಟ್ಟಿದರೆ ಅವು ಸದ್ದಿಲ್ಲದೆ ಕೆಡುತ್ತವೆ. ಒಮ್ಮೊಮ್ಮೆ ಮೂತ್ರ ಥಟ್ಟನೆ ಪೂರ್ತಿಯಾಗಿ ನಿಂತುಹೋಗುವುದೂ ಉಂಟು. ಕಿಬ್ಬೊಟ್ಟೆ ಉಬ್ಬಿ ರೋಗಿ ಒದ್ದಾಡುವ ಈ ಸ್ಥಿತಿಯಲ್ಲಿ ಕಷಾಯಗಳನ್ನು ಕುಡಿಸುತ್ತ ಕಾಲ ಕಳೆಯದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕ್ಯಾತಿಟರ್ ಎಂಬ ಸಪುರ ನಳಿಕೆಯನ್ನು ಹಾಕಿದರೆ ನಿಮಿಷಗಳಲ್ಲಿ ಬಾಧೆ ಶಮನವಾಗುವುದು.

ಮೂತ್ರಾಂಗಗಳ ಶಸ್ತ್ರಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮ ಸುಶ್ರುತಸಂಹಿತೆಯಲ್ಲಿ ವಿವರವಾಗಿ ಬಂದಿದೆ. ಕುಶಲನ ಕೈಯಲ್ಲಿಯೂ ಫಲ ನಿಶ್ಚಯವಿಲ್ಲದುದರಿಂದ ಅರಸನ ಅನುಮತಿ ಪಡೆದು ಇದಕ್ಕೆ ಕೈಹಾಕಬೇಕೆಂದು ಆ ಗ್ರಂಥ ಎಚ್ಚರಿಸುತ್ತದೆ. ಪ್ರಾಸ್ಟೇಟಿನ ಚಿಕಿತ್ಸೆಯಾದರೋ ಬಹು ಈಚಿನದು. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು, ನಮ್ಮ ದೇಶದ ರೋಗಿಗಳ ಕಲ್ಲುಗಳನ್ನು ತೆಗೆಯುವುದರಲ್ಲಿ ಕೈಪಳಗಿದ್ದ ಪೀಟರ್ ಫ್ರೇಯರ್ ಎಂಬ ಐರಿಷ್ ವೈದ್ಯನು 1900ನೆಯ ಇಸವಿ ಡಿಸೆಂಬರಿನಲ್ಲಿ ಲಂಡನ್ನಿನ ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ, ಕಿಬ್ಬೊಟ್ಟೆಯನ್ನೂ ಮೂತ್ರಕೋಶವನ್ನೂ ತೆರೆದು, ಕಿತ್ತಳೆಯ ತೊಳೆಗಳನ್ನು ಸಿಪ್ಪೆಯಿಂದ ಬಿಡಿಸುವಂತೆ ಬೆಳೆದ ಭಾಗವನ್ನು ಬೆರಳಿನಿಂದಲೇ ಬಿಡಿಸಿ ತೆಗೆದನು. ಅವನಿಗಿಂತ ಮೊದಲು ಬೇರೆಯವರೂ ಇಂಥ ಕೆಲಸ ಮಾಡಿದ್ದುಂಟು. ಲೋಕದಲ್ಲಿ ಅದನ್ನು ಪ್ರಚಾರಕ್ಕೆ ತಂದವನು ಫ್ರೇಯರ್. 1945ರಲ್ಲಿ ಟೆರೆನ್ಸ್ ಮಿಲಿನ್ ಎಂಬವನು ಮೂತ್ರಕೋಶವನ್ನು ತೆರೆಯದೆ ಗ್ರಂಥಿಯನ್ನು ಮುಟ್ಟುವ ಮಾರ್ಗವನ್ನು ಪ್ರಕಟಿಸಿದನು.

ಈಗ ಬಹುಪಾಲು ರೋಗಿಗಳಿಗೆ ಹೊಟ್ಟೆಯನ್ನು ಕೊಯ್ಯಬೇಕಾದುದೇ ಇಲ್ಲ. ದೀಪವಿರುವ ದರ್ಶಕಯಂತ್ರವನ್ನು ಮೂತ್ರನಾಳದ ಮೂಲಕವೇ ಒಳಕ್ಕೆ ಕಳುಹಿಸಿ, ವಿದ್ಯುತ್ತಿನ ತಂತಿಯ ಕುಣಿಕೆಯಿಂದ ಅಡ್ಡವಾಗಿರುವ ಭಾಗವನ್ನು ಚೂರುಚೂರಾಗಿ ಕೆತ್ತಿ ತೆಗೆಯುತ್ತಾರೆ. ಲೇಸರ್ ಕಿರಣವನ್ನು ಬಳಸುವುದೂ ಉಂಟು. ಸೊಂಟದ ಕೆಳಗೆ ಮಾತ್ರ ಸ್ಪರ್ಶ ತಪ್ಪಿಸಿದರೆ ಅನೇಕರಿಗೆ ಸಾಕು. ಬಾಧೆಯಿರುವವರಿಗೆಲ್ಲ ಶಸ್ತ್ರಕ್ರಿಯೆ ಬೇಕೆಂದೂ ಇಲ್ಲ. ನಾಳದ ಬಿಗುವನ್ನು ಸಡಿಲಿಸುವ ಔಷಧಗಳಿವೆ. ಗ್ರಂಥಿಯನ್ನು ಕೆಲವು ತಿಂಗಳುಗಳಲ್ಲಿ ಕುಗ್ಗಿಸುವವೂ ಇವೆ. ಔಷಧದಿಂದ ಗುಣ ಕಾಣದವರಿಗೆ, ಮತ್ತೆ ಮತ್ತೆ ಮೂತ್ರ ಕಟ್ಟುವವರಿಗೆ, ರಕ್ತ ಬೀಳುವವರಿಗೆ, ಕಲ್ಲು ಬೆಳೆದವರಿಗೆ, ಮೂತ್ರಪಿಂಡ ಕೆಡುತ್ತಿರುವವರಿಗೆ ಶಸ್ತ್ರವೇ ಉಚಿತ.

ಇದರಿಂದ ಪುರುಷತ್ವ ನಾಶವಾಗುವುದೆಂಬ ಭಯ ಹಲವರನ್ನು ಹಿಂದೆಳೆಯುತ್ತದೆ. ನಿಜಾಂಶವಿಷ್ಟು: ವೀರ್ಯವು ಹೊರಕ್ಕೆ ಬರದೆ ಹಿಂದಕ್ಕೆ ಮೂತ್ರಕೋಶವನ್ನು ಸೇರುವುದು ಈ ಶಸ್ತ್ರಕ್ರಿಯೆಯ ಬಳಿಕ ಸಾಮಾನ್ಯ, ಅದರಿಂದ ದೇಹಕ್ಕೆ ಕೇಡಿಲ್ಲ. ಸಂತಾನಾಪೇಕ್ಷೆಯುಳ್ಳವರು ಮಾತ್ರ ಇದನ್ನು ಮೊದಲೇ ವೈದ್ಯರೊಡನೆ ವಿಚಾರಿಸಬೇಕು. ಶಕ್ತಿಯಾದರೋ ಹೆಚ್ಚು ಮಂದಿಯಲ್ಲಿ ಮೊದಲಿದ್ದಂತೆಯೇ ಉಳಿಯುತ್ತದೆ. ಇನ್ನೊಂದು ಮಾತು: ತೆಗೆಯುವುದು ಗ್ರಂಥಿಯ ಒಳಭಾಗವನ್ನಷ್ಟೆ. ಉಳಿದ ಹೊರಭಾಗದಲ್ಲಿ ಮುಂದೆ ಕ್ಯಾನ್ಸರ್ ಹುಟ್ಟಬಹುದಾದುದರಿಂದ ವೈದ್ಯರ ಸಲಹೆಯಂತೆ ಪರೀಕ್ಷೆಗಳನ್ನು ಮುಂದುವರಿಸುವುದು ಲೇಸು.

ರಾತ್ರಿ ಪದೇ ಪದೇ ಏಳುವುದಕ್ಕೆ ಸಿಹಿಮೂತ್ರವೂ ಕಾರಣವಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ ಕಾರಣ ಇನ್ನೂ ಗಂಭೀರವಾಗಿರಬಹುದು. ಊಹೆ ಮಾಡುತ್ತ ಕುಳಿತವರಿಗೆ ಇವುಗಳ ಭೇದ ತಿಳಿಯದು. ಮನೆಯಲ್ಲಿ ಹಿರಿಯರು ಮದುವೆಮುಂಜಿಗಳಿಗೆ ಹೋಗಲೊಲ್ಲದೆ, ದೂರಪ್ರಯಾಣಕ್ಕೆ ಹಿಂಜರಿಯುತ್ತ, ನೀರು ಕುಡಿಯುವುದನ್ನೇ ಕಡಮೆ ಮಾಡಿರುವುದನ್ನು ಕಂಡರೆ, ಮಕ್ಕಳೇ ಮೆಲ್ಲಗೆ ಮಾತೆತ್ತಿ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಲಿ. ಹಿರಿಯರು ಬಾಯಿಬಿಟ್ಟು ಕೇಳಲಾರದ ಉಪಕಾರ ಅದು.