ಓಣಿಯ ಗರಡಿ ಮುಚ್ಚಿದ ಮೇಲೆ: ಬಾಕ್ಸಿಂಗ್‌ನ ಇಳಿಗಾಲ

20ನೆಯ ಶತಮಾನದ ಮೊದಲರ್ಧದ ಅಮೆರಿಕದಲ್ಲಿ ಬೇಸ್‌ಬಾಲಿಗೂ ಕುದುರೆ ಪಂದ್ಯಕ್ಕೂ ಸರಿಸಮನಾಗಿ ನಿಂತಿದ್ದ ಬಾಕ್ಸಿಂಗ್, ಈಗ ಅದೇ ದೇಶದಲ್ಲಿ ವರ್ಷಕ್ಕೆ ಎರಡು ಮೂರು ಸಲ ಮಾತ್ರ ಊರೆಲ್ಲ ಮಾತಾಡಿಕೊಳ್ಳುವ ಆಟವಾಗಿ ಉಳಿದಿದೆ. ಹೆವಿವೇಟ್ ಚಾಂಪಿಯನ್ ಯಾರೆಂಬುದು ಒಂದು ಕಾಲಕ್ಕೆ ಶಾಲಾ ಹುಡುಗರಿಗೂ ಬಾಯಿಪಾಠವಾಗಿತ್ತು. ಇಂದು ಕ್ರೀಡಾಪುಟವನ್ನು ತಪ್ಪದೆ ಓದುವವರೂ ಆ ಹೆಸರಿಗೆ ತಡವರಿಸುತ್ತಾರೆ. ಈ ಇಳಿಮುಖಕ್ಕೆ ಆಟದ ಕ್ರೌರ್ಯವೇ ಕಾರಣವೆಂಬ, ಜನರ ಮನಸ್ಸು ಮೃದುವಾದಂತೆ ಹೊಡೆದಾಟದ ಚಟ ತಾನಾಗಿ ಬಿಟ್ಟಿತೆಂಬ ವಾದ ಕೇಳಲು ಹಿತವಾಗಿದೆಯಾದರೂ, ಗುದ್ದು, ಒದೆ, ಪಟ್ಟು ಮೂರಕ್ಕೂ ಅವಕಾಶವಿರುವ ಮಿಶ್ರ ಸಮರಕಲೆಯ ಯುಎಫ್‌ಸಿ ಎಂಬ ಸ್ಪರ್ಧೆ 1993ರಲ್ಲಿ ಹುಟ್ಟಿ ಅದೇ ನಾಡಿನಲ್ಲಿ ಹುಲುಸಾಗಿ ಬೆಳೆದಿರುವುದನ್ನು ನೋಡಿದರೆ ಆ ವಾದಕ್ಕೆ ಕಾಲಿಲ್ಲವೆಂದು ತಿಳಿಯುತ್ತದೆ. ಬಾಕ್ಸಿಂಗ್ ಸೊರಗಿದ್ದು ತನ್ನ ಸಸಿಮಡಿಯನ್ನು ತಾನೇ ತುಳಿದದ್ದರಿಂದ. ಅದರ ಮುಂದಿನ ದಿನಗಳ ಲೆಕ್ಕವನ್ನೂ ಅಲ್ಲಿಂದಲೇ ಹಾಕಬೇಕಾಗುತ್ತದೆ.

ಮುಷ್ಟಿಯುದ್ಧವೆಂದು ಕನ್ನಡದಲ್ಲಿ ಕರೆಯುವ ಈ ಆಟದ ಇಂದಿನ ರೂಪ ಇಂಗ್ಲೆಂಡಿನದು. ಅದಕ್ಕೆ ಮೊದಲಿನ ಬರಿಗೈ ಕಾಳಗದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯುತ್ತಿದ್ದುದರಿಂದ ಸುತ್ತುಗಳಿಗೆ ಲೆಕ್ಕವಿರಲಿಲ್ಲ. 1889ರಲ್ಲಿ ಮಿಸಿಸಿಪ್ಪಿಯಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ನಡುವೆ ನಡೆದ ಕೊನೆಯ ದೊಡ್ಡ ಬರಿಗೈ ಪಂದ್ಯ 75 ಸುತ್ತು ಸಾಗಿತ್ತು. ಅದಕ್ಕೂ ಮೊದಲೇ, 1867ರಲ್ಲಿ ಪ್ರಕಟವಾಗಿದ್ದ, ಜಾನ್ ಗ್ರಹಾಂ ಚೇಂಬರ್ಸ್ ಬರೆದು ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಎಂಬ ಕುಲೀನ ತನ್ನ ಹೆಸರು ಕೊಟ್ಟ ನಿಯಮಾವಳಿಯು ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ, ಬಿದ್ದವನು ಏಳಲು ಹತ್ತು ಸೆಕೆಂಡುಗಳ ಗಡುವು ಮತ್ತು ಕೈಗವಸು ಇವುಗಳನ್ನು ತಂದಿತು. ಮೈಸೂರು ಅರಮನೆಯ ಅಂಗಳದಲ್ಲಿ ದಸರೆಯ ಹೊತ್ತಿಗೆ ಜೆಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಇಬ್ಬರಲ್ಲಿ ಯಾರ ನೆತ್ತಿಯಿಂದಲಾದರೂ ಮೊದಲ ಹನಿ ರಕ್ತ ಜಿನುಗಿದೊಡನೆ ಆಟ ನಿಲ್ಲುತ್ತದೆ. ನೋಡಲು ಅದಕ್ಕಿಂತ ಸೌಮ್ಯವೆನಿಸುವ ಬಾಕ್ಸಿಂಗ್‌ನಲ್ಲಾದರೋ ರಕ್ತ ಕಂಡಮೇಲೂ ಎಷ್ಟೋ ಸುತ್ತು ಆಟ ಮುಂದುವರಿಯುತ್ತದೆ.

ಕೈಗವಸಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನು ಎದುರಾಳಿಯ ಮುಖ ಕಾಪಾಡುವ ಮೆತ್ತೆಯೆಂದು ನೋಡುಗರು ಭಾವಿಸುತ್ತಾರೆ. ಮೊದಲು ಹತ್ತಿಯ ಉದ್ದನೆಯ ಪಟ್ಟಿಯನ್ನು ಮಣಿಕಟ್ಟಿಗೆ, ಅಂಗೈಗೆ, ಬೆರಳ ಸಂದುಗಳಿಗೆ ಸುತ್ತಿ ಗೆಣ್ಣುಗಳ ಮೇಲೆ ದಪ್ಪಗೆ ಮಡಿಸಿ ಬಿಗಿದು, ಅದರ ಮೇಲೆ ಎಂಟೋ ಹತ್ತೋ ಔನ್ಸಿನ ಗವಸು ತೊಡಿಸುವ ಕ್ರಮವನ್ನು ಹತ್ತಿರದಿಂದ ಗಮನಿಸಿದರೆ, ಕಾಪಾಡಿಕೊಳ್ಳುತ್ತಿರುವುದು ಹೊಡೆಯುವವನ ಕೈಯನ್ನೇ ಎಂಬುದು ಸ್ಪಷ್ಟವಾಗುತ್ತದೆ. ತಲೆಬುರುಡೆ ಗಟ್ಟಿ, ಬೆರಳ ಮೂಳೆ ಸಣ್ಣದು; ಆದುದರಿಂದ ಬರಿಗೈಯವನು ತಲೆಗೆ ಹೊಡೆಯಲು ಹಿಂಜರಿಯಬೇಕಾಗಿತ್ತು, ಗವಸು ಆ ಹಿಂಜರಿಕೆಯನ್ನು ಕಳೆಯಿತು. ಆಟವನ್ನು ಮರ್ಯಾದಸ್ಥರ ಆಟವಾಗಿಸಿದ ಉಪಕರಣವೇ ಮಿದುಳಿನ ಪಾಲಿಗೆ ಮುಳುವಾಯಿತು. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ, ಹಳೆಯ ಬಾಕ್ಸರುಗಳಲ್ಲಿ ಕಾಣುವ ತೊದಲು ಮಾತು, ತೂರಾಡುವ ನಡಿಗೆ, ಮಂಕು ಇವುಗಳನ್ನು ರೋಗವೆಂದೇ ಗುರುತಿಸಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದನು.

ಮಿದುಳಿಗೆ ಈ ಹಾನಿಯಾಗುತ್ತಿದ್ದರೂ ಆ ಕಾಲದಲ್ಲಿ ಆಟ ಮೇಲೇರುತ್ತಲೇ ಇತ್ತು. 1921ರಲ್ಲಿ ನ್ಯೂಜೆರ್ಸಿಯಲ್ಲಿ ಜ್ಯಾಕ್ ಡೆಂಪ್ಸಿ ಮತ್ತು ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯೆ ನಡುವಣ ಪಂದ್ಯಕ್ಕೆ ಬರಿಯ ಟಿಕೆಟ್ಟಿನಿಂದಲೇ 17 ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿತು. ಇಂತಹ ಮಹಾಪಂದ್ಯಗಳ ಬುಡದಲ್ಲಿ ಎರಡು ಬಗೆಯ ಸಣ್ಣ ಸಂಸ್ಥೆಗಳಿದ್ದವು: ಹುಡುಗರು ಕಲಿಯುತ್ತಿದ್ದ ಜಿಮ್, ಅಂದರೆ ನಮ್ಮ ಗರಡಿಮನೆಯಂತಹ ತಾಣ, ಮತ್ತು ಕಲಿತವರು ಅಲ್ಪ ಸಂಭಾವನೆಗೆ ವಾರವಾರ ಕಾದಾಡುತ್ತಿದ್ದ ಬಡಾವಣೆಯ ಸಣ್ಣ ಕ್ರೀಡಾಮಂದಿರ. ನ್ಯೂಯಾರ್ಕಿನ ಎಂಟನೆಯ ಅವೆನ್ಯೂದಲ್ಲಿದ್ದ ಸ್ಟಿಲ್‌ಮನ್ಸ್ ಜಿಮ್ ಮೊದಲನೆಯದರ ಪ್ರಸಿದ್ಧ ಮಾದರಿ. ಕಿಟಕಿ ತೆರೆಯದ, ಕಸ ಗುಡಿಸದ ಆ ಹಾಲ್‌ನಲ್ಲಿ ಚಾಂಪಿಯನ್ನನೂ ನಿನ್ನೆ ಸೇರಿದ ಹುಡುಗನೂ ಅಕ್ಕಪಕ್ಕದಲ್ಲೇ ಬೆವರು ಸುರಿಸುತ್ತಿದ್ದರು, ಬಾಗಿಲಲ್ಲಿ ಚಿಲ್ಲರೆ ಕೊಟ್ಟು ಒಳಬಂದ ಯಾರಾದರೂ ಅದನ್ನು ನೋಡಬಹುದಾಗಿತ್ತು. ಐರಿಷ್, ಯೆಹೂದಿ, ಇಟಾಲಿಯನ್, ಕಪ್ಪು ಜನಾಂಗದ ಬಡ ಕೇರಿಗಳು ಒಂದರ ಹಿಂದೊಂದರಂತೆ ತಮ್ಮ ಮಕ್ಕಳನ್ನು ಇಂತಹ ತಾಣಗಳಿಗೆ ಕಳಿಸಿದವು, ಮತ್ತು ಯಾವ ಕೇರಿಗೆ ಬೇರೆ ದಾರಿ ತೆರೆಯಿತೋ ಆ ಕೇರಿಯವರು ಮೊದಲು ಬಿಟ್ಟುಹೋದರು.

ಈ ಏರ್ಪಾಡನ್ನು ಅಲುಗಿಸಿದ್ದು ಟೆಲಿವಿಷನ್. ಆಗಿನ ಭಾರವಾದ ಕ್ಯಾಮೆರಾಕ್ಕೆ ಬಾಕ್ಸಿಂಗ್‌ನಷ್ಟು ಒಗ್ಗಿದ ಆಟ ಇನ್ನೊಂದಿರಲಿಲ್ಲ: ರಿಂಗ್ ಎಂದು ಹೆಸರಿದ್ದರೂ ಚೌಕವಾಗಿರುವ ಪುಟ್ಟ ಅಂಕಣ, ಇಬ್ಬರೇ ಆಟಗಾರರು, ತಲೆಯ ಮೇಲೆ ಪ್ರಖರ ದೀಪ, ಸುತ್ತು ಮುಗಿದೊಡನೆ ಜಾಹೀರಾತಿಗೆ ಹೇಳಿ ಮಾಡಿಸಿದಂತಹ ಒಂದು ನಿಮಿಷ. ಕ್ಷೌರದ ಬ್ಲೇಡಿನ ಮತ್ತು ಬಿಯರಿನ ಕಂಪನಿಗಳು ವಾರದ ಹಲವು ರಾತ್ರಿ ಪಂದ್ಯಗಳನ್ನು ಪುಕ್ಕಟೆಯಾಗಿ ಮನೆಗೆ ತಲುಪಿಸತೊಡಗಿದ ಮೇಲೆ, ಬಡಾವಣೆಯ ಮಂದಿರಕ್ಕೆ ದುಡ್ಡು ಕೊಟ್ಟು ಹೋಗುವವರು ಯಾರು? ಈ ಅಪಾಯವನ್ನು ಪತ್ರಕರ್ತ ಎ.ಜೆ. ಲೀಬ್ಲಿಂಗ್ 1956ರ ತನ್ನ ‘ದಿ ಸ್ವೀಟ್ ಸೈನ್ಸ್’ ಪುಸ್ತಕದಲ್ಲೇ ಕಂಡಿದ್ದನು. ನೂರು ಪಂದ್ಯ ಆಡಿ ಪಳಗಬೇಕಾದ ಹುಡುಗ ಹದಿನೈದಕ್ಕೇ ತೆರೆಯ ಮೇಲೆ ಬಂದು ಸೋತು ಮರೆಯಾಗುವ ಕ್ರಮ ಶುರುವಾಯಿತು. ಸ್ಟಿಲ್‌ಮನ್ಸ್ 1959ರಲ್ಲಿಯೂ, ನ್ಯೂಯಾರ್ಕಿನದೇ ಸಣ್ಣ ಕ್ರೀಡಾಮಂದಿರವಾದ ಸೇಂಟ್ ನಿಕೋಲಸ್ ಅರೀನಾ 1962ರಲ್ಲಿಯೂ ಮುಚ್ಚಿದವು. ಆ ವರ್ಷವೇ ಮಾರ್ಚ್ 24ರಂದು ಎಮಿಲ್ ಗ್ರಿಫಿತ್‌ನ ಏಟುಗಳಿಗೆ ಮೂಲೆಯಲ್ಲಿ ಸಿಕ್ಕಿಬಿದ್ದ ಬೆನ್ನಿ ಪ್ಯಾರೆಟ್, ನೇರ ಪ್ರಸಾರವನ್ನು ನೋಡುತ್ತಿದ್ದ ಮನೆಮಂದಿಯ ಕಣ್ಣೆದುರೇ ಕುಸಿದು, ಹತ್ತು ದಿನಗಳ ಮೇಲೆ ತೀರಿಕೊಂಡನು. ಫ್ರಾಂಕಿ ಕಾರ್ಬೊನಂತಹ ಭೂಗತ ದೊರೆಗಳು ಪಂದ್ಯಗಳ ಹಿಂದೆ ಇದ್ದದ್ದೂ ಆ ಹೊತ್ತಿಗೆ ನ್ಯಾಯಾಲಯದಲ್ಲಿ ಬಯಲಾಗಿತ್ತು.

ಮುಹಮ್ಮದ್ ಅಲಿ ಎಂಬ ಒಬ್ಬ ಅಸಾಧಾರಣ ವ್ಯಕ್ತಿಯ ದೆಸೆಯಿಂದ ಮುಂದಿನ ಹದಿನೈದು ವರ್ಷ ಈ ಸೊರಗುವಿಕೆ ಹೊರಗೆ ಕಾಣಲಿಲ್ಲ. ಅಷ್ಟರಲ್ಲಿ ಒಳಗೆ ಪಟ್ಟದ ಒಡಕು ಆರಂಭವಾಗಿತ್ತು. ಮೊದಲು ಎಂಟು ತೂಕವರ್ಗಗಳಿಗೆ ಎಂಟೇ ಚಾಂಪಿಯನ್ನರು. ಈಗ ಕನಿಷ್ಠ 17 ವರ್ಗಗಳು, ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು, ಪ್ರತಿಯೊಂದಕ್ಕೂ ತನ್ನದೇ ಬೆಲ್ಟು, ಆ ಬೆಲ್ಟಿನ ಪಂದ್ಯಕ್ಕೆ ತನ್ನದೇ ಶುಲ್ಕ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಹೆವಿವೇಟ್ ಬೆಲ್ಟುಗಳನ್ನು ಒಟ್ಟುಗೂಡಿಸಿದ ಮೊದಲಿಗನಾದನಷ್ಟೆ. ಐಬಿಎಫ್ ಗೊತ್ತುಮಾಡಿದ ಸ್ಪರ್ಧಿಯೊಡನೆ ಆಡುವ ಬದಲು ಫ್ಯೂರಿಯೊಡನೆ ಮರುಪಂದ್ಯವನ್ನು ಒಪ್ಪಿಕೊಂಡಿದ್ದುದರಿಂದ ಜೂನ್ ಮುಗಿಯುವುದರೊಳಗೆ ಅದರ ಬೆಲ್ಟನ್ನು ಬಿಟ್ಟುಕೊಡಬೇಕಾಯಿತು. ನಿಜವಾದ ಚಾಂಪಿಯನ್ ಇವನೇ ಎಂದು ಆಟವೇ ಬೆರಳು ತೋರಿಸಲಾರದಾಗ ನೋಡುಗನನ್ನು ದೂರಿ ಫಲವಿಲ್ಲ.

ಇನ್ನೊಂದು ತಪ್ಪು ಹಣದ್ದು. ಪಂದ್ಯವೊಂದಕ್ಕೆ ಪ್ರತ್ಯೇಕವಾಗಿ ದುಡ್ಡು ತೆತ್ತು ಮನೆಯಲ್ಲಿ ನೋಡುವ ಪೇ ಪರ್ ವ್ಯೂ ಪದ್ಧತಿ ಕೆಲವೇ ಆಟಗಾರರನ್ನು ಕುಬೇರರನ್ನಾಗಿಸಿತು. 2009ರಿಂದ ಮಾತುಕತೆಯಲ್ಲೇ ಇದ್ದ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಾಕ್ಯಾವೊ ಪಂದ್ಯ 2015ರಲ್ಲಿ ಕೊನೆಗೂ ಕೂಡಿಬಂದಾಗ ಒಬ್ಬನಿಗೆ 38, ಇನ್ನೊಬ್ಬನಿಗೆ 36 ವರ್ಷ. ಸುಮಾರು 46 ಲಕ್ಷ ಖರೀದಿಗಳು ನೂರು ಡಾಲರಿನ ಆಸುಪಾಸು ಬೆಲೆಗೆ ಆದವು, ನೋಡಿದವರಲ್ಲಿ ಬಹುಮಂದಿ ಬೇಸರಪಟ್ಟರು. ಅಷ್ಟು ದುಡ್ಡು ಕೊಡಲಾರದ ಮನೆಯ ಹತ್ತು ವರ್ಷದ ಹುಡುಗ ಬಾಕ್ಸಿಂಗನ್ನು ನೋಡದೆಯೇ ಬೆಳೆದ. 1973ರಿಂದ ಬಾಕ್ಸಿಂಗ್ ತೋರಿಸುತ್ತಿದ್ದ ಎಚ್‌ಬಿಒ ವಾಹಿನಿ 2018ರಲ್ಲಿ ಅದನ್ನು ಕೈಬಿಟ್ಟಿತು.

ಒಲಿಂಪಿಕ್ಸ್ ಎಂಬ ಪುಕ್ಕಟೆ ಕಿಟಕಿಯೂ ಮುಚ್ಚುವುದರಲ್ಲಿತ್ತು. ಅಲಿ, ಫ್ರೇಜಿಯರ್, ಫೋರ್‌ಮನ್, ಲೆನರ್ಡ್‌ರಂತಹ ಚಾಂಪಿಯನ್ನರನ್ನು ಲೋಕ ಮೊದಲು ಕಂಡದ್ದು ಅಲ್ಲಿಯೇ. ತೀರ್ಪಿನ ಹಗರಣ ಮತ್ತು ಆಡಳಿತದ ಗೊಂದಲಗಳಿಂದಾಗಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಈ ಆಟದ ಜಾಗತಿಕ ಒಕ್ಕೂಟವನ್ನು 2019ರಲ್ಲಿ ಅಮಾನತಿನಲ್ಲಿಟ್ಟು 2023ರಲ್ಲಿ ಮಾನ್ಯತೆಯನ್ನೇ ಕಿತ್ತುಕೊಂಡಿತು. ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ದೊರೆತ ಬಳಿಕ, 2025ರ ಮಾರ್ಚ್‌ನಲ್ಲಷ್ಟೇ, ಲಾಸ್ ಏಂಜಲೀಸ್‌ನ 2028ರ ಕೂಟದಲ್ಲಿ ಬಾಕ್ಸಿಂಗ್‌ಗೆ ಜಾಗ ಖಾತ್ರಿಯಾಯಿತು. ಈ ಜಾಗ ಅಮೆರಿಕಕ್ಕಿಂತ ಬೇರೆಯವರಿಗೆ ಮುಖ್ಯ. 2024ರ ಪ್ಯಾರಿಸ್ ಕೂಟದಲ್ಲಿ ಉಜ್ಬೇಕಿಸ್ತಾನ ಬಾಕ್ಸಿಂಗ್‌ನಲ್ಲಿಯೇ ಐದು ಚಿನ್ನ ಗೆದ್ದಿತು. ಭಾರತಕ್ಕೆ ಈ ಆಟದಲ್ಲಿ ಬಂದಿರುವ ಮೂರು ಒಲಿಂಪಿಕ್ ಕಂಚುಗಳೂ, ಅಂದರೆ 2008ರ ವಿಜೇಂದರ್ ಸಿಂಗ್, 2012ರ ಮೇರಿ ಕೋಮ್, ಟೋಕಿಯೊ ಕೂಟದ ಲವ್ಲಿನಾ ಬೊರ್ಗೊಹೈನ್ ಅವರ ಪದಕಗಳು, ಕ್ರಮವಾಗಿ ಹರಿಯಾಣ, ಮಣಿಪುರ, ಅಸ್ಸಾಮಿನ ಹಳ್ಳಿಗಾಡಿನವು. ಅಲ್ಲೆಲ್ಲ ಬಾಕ್ಸಿಂಗ್ ಇನ್ನೂ ಒಂದು ಮನೆತನದ ಸ್ಥಿತಿ ಬದಲಿಸಬಲ್ಲ ಆಟ. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಪ್ರವೇಶ ದೊರೆತದ್ದೇ 2012ರಲ್ಲಿ ಎಂಬುದನ್ನು ನೆನೆದರೆ, ಈ ಆಟದ ಅರ್ಧ ಭಾಗಕ್ಕೆ ಈಗಷ್ಟೇ ಹರೆಯ ಎನ್ನಬಹುದು.

ಮಹಾಪಂದ್ಯಗಳಿಗೆ ಸದ್ಯಕ್ಕೆ ಸೌದಿ ಅರೇಬಿಯದ ಹಣವಿದೆ, ನೆಟ್‌ಫ್ಲಿಕ್ಸ್‌ನಂತಹ ಹೊಸ ತೆರೆಯೂ ಇದೆ. 58ರ ಮೈಕ್ ಟೈಸನ್ನನನ್ನು ಯೂಟ್ಯೂಬ್‌ನಿಂದ ಬಂದ ಜೇಕ್ ಪಾಲ್‌ನೊಡನೆ 2024ರಲ್ಲಿ ಅಂಕಣಕ್ಕಿಳಿಸಿ ಕೋಟ್ಯಂತರ ಕಣ್ಣುಗಳನ್ನು ಸೆಳೆದದ್ದು ಅದೇ ತೆರೆ. ಜಾತ್ರೆಗೆ ಜನ ಸೇರುವುದು ಬೇರೆ, ಬೆಳೆ ಬರುವುದು ಬೇರೆ. ಬೆಳೆಯ ಸ್ಥಿತಿ ತಿಳಿಯಬೇಕಾದರೆ 1937ರಲ್ಲಿ ಆರಂಭವಾಗಿ ಈಗ ಬ್ರೂಕ್ಲಿನ್‌ನಲ್ಲಿರುವ ಗ್ಲೀಸನ್ಸ್ ಜಿಮ್ಮನ್ನು ನೋಡುವುದು ಮೇಲು. ಅಲ್ಲೀಗ ವೃತ್ತಿಪರರ ಪಕ್ಕದಲ್ಲಿಯೇ ವಕೀಲರು, ಬ್ಯಾಂಕಿನವರು, ಗೃಹಿಣಿಯರು ಶುಲ್ಕ ಕಟ್ಟಿ ಚೀಲ ಗುದ್ದುತ್ತಾರೆ, ಕೆಲವರು ತಮ್ಮತಮ್ಮಲ್ಲೇ ಹದವಾದ ಪಂದ್ಯಗಳನ್ನೂ ಆಡುತ್ತಾರೆ. ವೃತ್ತಿಪರರ ಬೆವರಿನಿಂದ ಮಾತ್ರ ಹುಟ್ಟದ ಬಾಡಿಗೆ ಇವರ ಶುಲ್ಕದಿಂದ ಹುಟ್ಟುತ್ತದೆ. ಗೋಡೆಯ ಗಂಟೆ ಇಬ್ಬರಿಗೂ ಒಂದೇ, ಮೂರು ನಿಮಿಷಕ್ಕೊಮ್ಮೆ ಬಡಿದು, ಒಂದು ನಿಮಿಷ ಬಿಟ್ಟು, ಮತ್ತೆ ಬಡಿಯುತ್ತದೆ.